ಮೊದಲ ದರ್ಜೆಯವರು ಕಾಯುವ ಕೋಣೆ

ಮಾರಿಕುಪ್ಪಂನಿಂದ ನಸುಕಿನ ಗಾಡಿ ಹೊರಡುವ ಹೊತ್ತಿಗೆ ಕೋಲಾರ ಚಿನ್ನದ ಗಣಿಯ (ಕೆ.ಜಿ.ಎಫ್.) ಕೇರಿಗಳು ಎದ್ದು ಬಹಳ ಹೊತ್ತಾಗಿರುತ್ತದೆ. ಲೈನ್ ಮನೆಗಳ ಮುಂದೆ ನೀರು ಚಿಮುಕಿಸುವ ಸದ್ದು, ಒಳಗೆಲ್ಲೋ ಕುಕ್ಕರಿನ ಸೀಟಿ, ಬಕೆಟ್ಟಿಗೆ ತಗುಲಿದ ಚೊಂಬಿನ ಟಣತ್ಕಾರ, 'ಡಬ್ಬಿ ಮರೀಬೇಡ' ಎಂದು ಒಂದು ಮನೆಯಲ್ಲಿ ತಮಿಳಿನಲ್ಲೂ ಪಕ್ಕದ್ದರಲ್ಲಿ ತೆಲುಗಿನಲ್ಲೂ ಅದರಾಚೆಯದರಲ್ಲಿ ಕನ್ನಡದಲ್ಲೂ ಕೇಳುವ ಕೂಗು. ಗಾಡಿ ಕದಲಿದ ಮೇಲೆ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಸರಿಯತೊಡಗುತ್ತವೆ. ಗಣಿ ನೂರು ವರ್ಷಕ್ಕೂ ಮೇಲೆ ಕಲ್ಲನ್ನು ಅರೆದು, ಚಿನ್ನ ತೆಗೆದುಕೊಂಡು, ಹೊರಗೆ ಸುರಿದುಹೋದ ನುಣುಪು ಮಣ್ಣಿನ ಗುಡ್ಡೆಗಳವು. ಬೆಳಕು ಹರಿಯುವ ಮುಂಚೆ ಬೂದಿ ಬಣ್ಣ, ಹರಿದ ಮೇಲೆ ಮಾಸಲು ಹಳದಿ. ಚಾಂಪಿಯನ್, ಊರಿಗಾಂ, ಕೋರಮಂಡಲ ಎಂದು ಒಂದೊಂದೇ ನಿಲ್ದಾಣ ಬಂದುಹೋಗುತ್ತಿದ್ದಂತೆ ಬೋಗಿ ತುಂಬುತ್ತದೆ. ಸೀಟಿನ ಮೇಲೆ ಎಸೆದ ಕರ್ಚೀಫಿಗೆ ಇಲ್ಲಿ ಕಾಯ್ದಿರಿಸಿದ ಟಿಕೆಟ್ಟಿನಷ್ಟೇ ಬೆಲೆ. ಸೀಸನ್ ಪಾಸಿನ ಹೆಂಗಸರು ಮೊಗ್ಗಿನ ಪೊಟ್ಟಣ ಬಿಚ್ಚಿ ಮಾಲೆ ಕಟ್ಟಲು ಕೂರುತ್ತಾರೆ. ರಾತ್ರಿ ಪಾಳಿ ಮುಗಿಸಿದವನೊಬ್ಬ ಪಾಳಿಗೆ ಹೊರಟವನ ಭುಜಕ್ಕೆ ತಲೆಯಾನಿಸಿ ನಿದ್ದೆಹೋಗುತ್ತಾನೆ.

ಬಂಗಾರಪೇಟೆಯಲ್ಲಿ ಇಳಿಯೋಣ, ಬನ್ನಿ. ಮುಂದಿನ ಗಾಡಿಗೆ ಇನ್ನೂ ಹೊತ್ತಿದೆ. ಈ ಕಂಬದ ಪಕ್ಕ ನಿಂತರೆ ಎಲ್ಲವೂ ಕಾಣುತ್ತದೆ. ಕಬ್ಬಿಣದ ಬೆಂಚಿನ ಮೇಲೆ ಮುದುಡಿ ಕೂತ ಅಜ್ಜಿ, ಕಾಲಬಳಿ ಟೊಮೆಟೊ ಕ್ರೇಟು ಇಟ್ಟುಕೊಂಡ ರೈತ, ಚಾರ್ಜಿಂಗ್ ಪಾಯಿಂಟಿನ ಸುತ್ತ ಗುಂಪುಗಟ್ಟಿದ ಕಾಲೇಜು ಹುಡುಗರು. ಟೀ ಪಾತ್ರೆಯ ಮುಚ್ಚಳ ತೆಗೆದಾಗಲೆಲ್ಲ ಶುಂಠಿಯ ಹಬೆ ಪ್ಲಾಟ್‌ಫಾರಂ ಉದ್ದಕ್ಕೂ ಹರಡುತ್ತದೆ. ಅಷ್ಟರಲ್ಲಿ ಚೆನ್ನೈ ಕಡೆಯ ಉದ್ದನೆಯ ಗಾಡಿಯೊಂದು ನಿಲ್ಲದೆ ಹಾದುಹೋಗುತ್ತದೆ. ಅದರ ಗಾಳಿಗೆ ಪೇಪರುಗಳೂ ಸೆರಗುಗಳೂ ಒಟ್ಟಿಗೆ ಏಳುತ್ತವೆ, ಎಲ್ಲರೂ ಒಮ್ಮೆ ಕಣ್ಣುಮುಚ್ಚಿ ತೆರೆಯುತ್ತಾರೆ, ಮಾತು ನಿಂತಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಗಾಡಿ ತಡವಾದರೆ ಗೊಣಗುವುದಕ್ಕೂ ಜೊತೆಗಾರರಿದ್ದಾರೆ. ನಿದ್ದೆಹೋದರೆ ಎಬ್ಬಿಸುವುದಕ್ಕೆ ಪರಿಚಯವೇ ಬೇಕಾಗಿಲ್ಲ: 'ಏಳ್ರಿ, ಬಂತು ಗಾಡಿ.'

ಕಾಯುವುದರಲ್ಲೂ ದರ್ಜೆಗಳಿವೆ ಎಂಬುದನ್ನು ಈ ದೇಶಕ್ಕೆ ಕಲಿಸಿದ್ದು ರೈಲು. ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರಲ್ಲಿ ಬಂದಾಗ ಮೈಸೂರಿನ ಕಮಿಷನರ್ ಆಗಿದ್ದವನು ಬೌರಿಂಗ್. ಅವನ ಹೆಸರಿನಿಂದ ಈ ಬಂಗಾರಪೇಟೆ ಬೌರಿಂಗ್‌ಪೇಟೆಯಾಯಿತು. ಆಮೇಲೆ ಗಣಿಗೆ ಹೋಗುವ ಕವಲು ಹಳಿ ಬಿತ್ತು, ಹದಿನಾರು ಕಿಲೋಮೀಟರಿನ ಆ ಹಳಿಯೇ ಈಗ ನಾವು ಬಂದದ್ದು. ಮದ್ರಾಸಿನಿಂದ ಬಂದಿಳಿದ ಗಣಿಯ ದೊರೆಗಳು ಇಲ್ಲಿಯೇ ಗಾಡಿ ಬದಲಿಸಬೇಕಿತ್ತು. ಆ ಕಾಲದ ರೈಲುಗಳ ಮೊದಲ ದರ್ಜೆಯ ವಿಶ್ರಾಂತಿ ಕೋಣೆ ಹೇಗಿರುತ್ತಿತ್ತೆಂಬುದಕ್ಕೆ ದಕ್ಷಿಣದ ಹಳೆಯ ನಿಲ್ದಾಣಗಳಲ್ಲಿ ಇನ್ನೂ ಕುರುಹು ಸಿಗುತ್ತದೆ. ಎತ್ತರದ ಸೂರು, ಕಾಲು ಚಾಚಲು ಉದ್ದ ಕೈಗಳಿರುವ ಬೆತ್ತದ ಒರಗು ಕುರ್ಚಿ, ಆಳೆತ್ತರದ ಕನ್ನಡಿ, ಸ್ನಾನಕ್ಕೆ ಪ್ರತ್ಯೇಕ ಕೋಣೆ, ಬಾಗಿಲಲ್ಲಿ ನಿಂತ ಆಳು. ಮೂರನೆಯ ದರ್ಜೆಯವರಿಗೆ ತಗಡಿನ ಸೂರು ಮತ್ತು ನೆಲ. 1974ರಲ್ಲಿ ಮೂರನೆಯ ದರ್ಜೆ ಎಂಬ ಹೆಸರು ಹೋಯಿತು, ಕೋಣೆಗಳ ಮೇಲಿನ ಬೋರ್ಡುಗಳು ಬದಲಾದವು. ಒರಗು ಕುರ್ಚಿ, ಕನ್ನಡಿ, ಸ್ನಾನದ ಮನೆ, ಬಾಗಿಲಲ್ಲಿ ನಿಂತ ಆಳು, ಈ ನಾಲ್ಕೂ ಮಾತ್ರ ರೈಲಿನಿಂದ ಇಳಿದು ವಿಮಾನ ನಿಲ್ದಾಣಕ್ಕೆ ಹೋದವು.

ಅಲ್ಲಿ ಅವು ಈಗ ಹೇಗಿವೆ ಎಂದು ನನಗೆ ಹೇಳಿದವನು ಇದೇ ಪ್ಲಾಟ್‌ಫಾರಂನಲ್ಲಿ ಸಿಕ್ಕ ನಂದಿದುರ್ಗ ಗಣಿ ಲೈನಿನ ಹುಡುಗ. ಕಪ್ಪು ಪ್ಯಾಂಟು, ಮುಖ ನೋಡಿಕೊಳ್ಳುವಷ್ಟು ಹೊಳೆಯುವ ಬೂಟು, ಹ್ಯಾಂಗರಿನ ಸಮೇತ ಪ್ಲಾಸ್ಟಿಕ್ ಕವರಿನೊಳಗೆ ನೇತಾಡುವ ಇಸ್ತ್ರಿ ಅಂಗಿ. ಜನ ಒತ್ತಿದಾಗ ತಾನು ಬಗ್ಗಿದರೂ ಅಂಗಿಯನ್ನು ಬಗ್ಗಲು ಬಿಡುತ್ತಿರಲಿಲ್ಲ. ಅಜ್ಜ ನಂದಿದುರ್ಗ ಗಣಿಯಲ್ಲಿದ್ದವನು. ಅಪ್ಪನೂ ಅದೇ ಗಣಿ, 2001ರ ಫೆಬ್ರವರಿ 28ಕ್ಕೆ ಕೆಲಸ ನಿಂತುಹೋಗುವವರೆಗೂ. ಇವನು ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿ, ಕೊಲ್ಲಿಯ ಒಂದು ವಿಮಾನ ನಿಲ್ದಾಣದ ಮೊದಲ ದರ್ಜೆಯ ಲೌಂಜಿನಲ್ಲಿ ಕಾಂಟ್ರಾಕ್ಟ್ ಮುಗಿಸಿ, ಈಗ ದೇವನಹಳ್ಳಿಯ ವಿಮಾನ ನಿಲ್ದಾಣದ ಲೌಂಜೊಂದರಲ್ಲಿದ್ದಾನೆ. ಅಲ್ಲೇ ಪಿ.ಜಿ.ಯಲ್ಲಿ ವಾಸ. ವಾರದ ರಜೆಗೆ ಊರು, ರಜೆ ಮುಗಿದರೆ ಈ ಗಾಡಿ, ಕೆ.ಆರ್. ಪುರದಲ್ಲಿ ಇಳಿದು ಟಿನ್ ಫ್ಯಾಕ್ಟರಿಯಿಂದ ಏರ್‌ಪೋರ್ಟ್ ಬಸ್ಸು. ಬೆಂಗಳೂರಿಗೆ ಇಲ್ಲಿಂದ ಎಪ್ಪತ್ತು ಕಿಲೋಮೀಟರ್. ಕೆ.ಆರ್. ಪುರದವರೆಗೂ ಇಬ್ಬರೂ ಬಾಗಿಲ ಬಳಿ ನಿಂತೇ ಮಾತಾಡಿದೆವು.

'ಫಸ್ಟ್ ಕ್ಲಾಸ್ ಲೌಂಜಿಗೆ ಬೋರ್ಡೇ ಸಣ್ಣದು ಸಾರ್,' ಎಂದ. 'ಗೊತ್ತಿರೋರು ಬರ್ತಾರೆ. ಗೊತ್ತಿಲ್ದೋರು ನೋಡ್ದೇನೇ ದಾಟಿ ಹೋಗ್ತಾರೆ.'

ಅವನ ಮಾತು ಹಿಡಿದು ಆ ಬಾಗಿಲೊಳಗೆ ನಾವೂ ಹೋಗೋಣ. ಹೊರಗೆ ಟ್ರಾಲಿಗಳ ಗಡಗಡ, ಮಕ್ಕಳ ಅಳು, ಸುಗಂಧದಂಗಡಿಗಳ ಘಾಟು, ಗೇಟು ಬದಲಾಯಿತೆಂಬ ಘೋಷಣೆ. ಒಳಗೆ ಕಾಲಿಟ್ಟ ಕೂಡಲೇ ಅದೆಲ್ಲ ಕತ್ತರಿಸಿದಂತೆ ನಿಲ್ಲುತ್ತದೆ. ಮೇಜಿನ ಹಿಂದಿನ ಹೆಣ್ಣುಮಗಳು ಎದ್ದು ನಿಂತು ನಿಮ್ಮ ಹೆಸರು ಹಿಡಿದು ಮಾತಾಡಿಸುತ್ತಾಳೆ. ಬರುವವರ ಪಟ್ಟಿ ಅವಳಿಗೆ ಮೊದಲೇ ಬಾಯಿಪಾಠ. ಕೈಚೀಲ ನಿಮಗೆ ತಿಳಿಯದಂತೆ ಇನ್ನೊಬ್ಬರ ಕೈಗೆ ಹೋಗಿರುತ್ತದೆ. ಹೆಜ್ಜೆ ಸದ್ದು ನುಂಗುವ ದಪ್ಪ ಜಮಖಾನೆ. ನಿನ್ನೆಯವಲ್ಲ, ಈ ಹೊತ್ತಿನವು ಎಂದು ನೋಡಿದರೇ ಗೊತ್ತಾಗುವ ಹೂಗಳು. ಕುರ್ಚಿಗಳನ್ನು ಒಬ್ಬರ ಕಣ್ಣು ಇನ್ನೊಬ್ಬರಿಗೆ ಸಿಗದ ಹಾಗೆ ಕೋನ ನೋಡಿ ಇಟ್ಟಿರುತ್ತಾರೆ. ಅರ್ಧಕ್ಕರ್ಧ ಖಾಲಿಯೇ. ಹೊಸಬರಿಗೆ ಇದು ವ್ಯಾಪಾರವಿಲ್ಲದ ಹೋಟೆಲ್ಲಿನ ಹಾಗೆ ಕಾಣುತ್ತದೆಯಂತೆ. ಆ ಖಾಲಿ ಜಾಗಕ್ಕೇ ಇಲ್ಲಿ ಹೆಚ್ಚು ಬೆಲೆ ಎಂಬುದು ಕೂತು ಸ್ವಲ್ಪ ಹೊತ್ತಾದ ಮೇಲೆ ಅರಿವಿಗೆ ಬರುತ್ತದೆ.

ಬಿಸಿನೆಸ್ ದರ್ಜೆಯ ಲೌಂಜಿನಲ್ಲಿ ತಟ್ಟೆ ಹಿಡಿದು ಸಾಲಾಗಿ ಇಟ್ಟ ಪಾತ್ರೆಗಳ ಮುಂದೆ ನಡೆಯಬೇಕು. ಮೊದಲ ದರ್ಜೆಯಲ್ಲಿ ಮೇಜಿಗೆ ಬಟ್ಟೆ ಹಾಸಿ, ಕೈಗೆ ಮೆನು ಕೊಟ್ಟು, ಹೇಳಿದ ಮೇಲೆ ಅಡುಗೆ. ಕೊಲ್ಲಿಯ ಕಡೆಯಾದರೆ ಮೊದಲು ಖರ್ಜೂರ, ಏಲಕ್ಕಿಯ ಘಮದ ಅರಬ್ಬಿ ಕಾಫಿ. ಆಮೇಲೆ ಹೆಸರು ಹೇಳಲು ನಾಲಿಗೆ ತಡವರಿಸುವ ಮದ್ಯಗಳು, ಬೆಣ್ಣೆಯಲ್ಲಿ ಬೇಯಿಸಿದ ಮೀನು. 'ಮೆನುವಲ್ಲಿರೋದನ್ನ ತಂದುಕೊಡೋದು ಎಲ್ಲಾ ಕಡೆ ಐತೆ ಸಾರ್. ಇಲ್ದೇ ಇರೋದನ್ನ ಕೇಳಿದಾಗ ಇಲ್ಲ ಅನ್ನಬಾರದು, ಅದೇ ಫಸ್ಟ್ ಕ್ಲಾಸು.' ಒಮ್ಮೆ ಅಮೆರಿಕಕ್ಕೆ ಹೊರಟಿದ್ದ ವಯಸ್ಸಾದ ನಮ್ಮ ಕಡೆಯ ದಂಪತಿ ಮೆನುವನ್ನು ತಿರುಗಿಸಿ ಮುರುಗಿಸಿ ಮಡಚಿಟ್ಟು, 'ಒಂದಿಷ್ಟು ಮೊಸರನ್ನ ಆಗುತ್ತೇನಮ್ಮಾ' ಎಂದು ಫಿಲಿಪೀನ್ಸಿನ ಹುಡುಗಿಯನ್ನು ಕೇಳಿದರಂತೆ. ಅವಳು ಓಡಿಬಂದು ಇವನನ್ನು ಹಿಡಿದಳು. ಇವನು ಅಡುಗೆಮನೆಗೆ ನುಗ್ಗಿ ಬಿಳಿ ಅನ್ನ ಹಿಸುಕಿ, ಗ್ರೀಕ್ ಮೊಸರಿಗೆ ಹಾಲು ಬೆರೆಸಿ, ಸಾಸಿವೆ ಸಿಗದೆ ಬರೀ ಶುಂಠಿ ಮೆಣಸಿನಕಾಯಿ ಹಾಕಿ, ಚಿನ್ನದ ಅಂಚಿನ ಬಟ್ಟಲಲ್ಲಿ ಕೊಂಡೊಯ್ದ. 'ಅಮ್ಮಾವ್ರು ಒಂದು ತುತ್ತು ಬಾಯಿಗಿಟ್ಟು, ಯಾವೂರಪ್ಪಾ ಅಂದ್ರು. ಕೆ.ಜಿ.ಎಫ್. ಅಂದೆ. ಸಾಸಿವೆ ಇಲ್ದಿದ್ರೂ ಪರವಾಗಿಲ್ಲ, ಬಂಗಾರಪೇಟೆ ಜಂಕ್ಷನ್ ಜ್ಞಾಪಕ ಬಂತು ಅಂದ್ರು.'

ಊಟವಾದ ಮೇಲೆ ಸ್ನಾನ. ಒಬ್ಬರು ಮಿಂದು ಹೊರಬಂದ ಹದಿನೈದು ನಿಮಿಷದೊಳಗೆ ಗಾಜಿನ ಮೇಲಿನ ಹನಿಗಳನ್ನೆಲ್ಲ ಒರೆಸಿ, ಜಾಲರಿಯ ಕೂದಲು ತೆಗೆದು, ಟವೆಲ್ಲನ್ನು ಮೂರು ಮಡಿಕೆಗೆ ಸುತ್ತಿ, ಇಲ್ಲಿ ಯಾರೂ ಕಾಲಿಟ್ಟೇ ಇಲ್ಲವೆಂಬಂತೆ ಮಾಡಬೇಕು. ಮಿಂದು ಬರುವಷ್ಟರಲ್ಲಿ ಅಂಗಿಗೆ ಇಸ್ತ್ರಿ ಬಿದ್ದಿರುತ್ತದೆ. ಮಲಗಬೇಕೆನ್ನುವವರಿಗೆ ಕಿರುಕೋಣೆ, ಪರದೆ ಎಳೆದರೆ ಹಗಲೂ ರಾತ್ರಿ. ವಿಮಾನದ ಘೋಷಣೆ ಮಾತ್ರ ಒಳಗೆ ಕೇಳುವುದೇ ಇಲ್ಲ. ಹೊತ್ತಾದಾಗ ಒಬ್ಬರು ಬಂದು, ನಿಮ್ಮ ಕುರ್ಚಿಗಿಂತ ತಗ್ಗಾಗುವಂತೆ ಮಂಡಿಯೂರಿ, ಮೆಲ್ಲಗೆ ಹೇಳುತ್ತಾರೆ. ಅಷ್ಟು ದುಡ್ಡು ಸುರಿದು ಕೊಂಡ ಈ ಸೌಕರ್ಯ, ಬೆಂಚಿನ ಮೇಲೆ ನಿದ್ದೆಹೋದವರನ್ನು ತಟ್ಟಿ ಎಬ್ಬಿಸುವ ಬಂಗಾರಪೇಟೆಯ ಗುರುತಿಲ್ಲದ ಕೈಗೆ ಎಷ್ಟು ಹತ್ತಿರವಿದೆ ಎಂದು ನಾನು ನಕ್ಕೆ. ಅವನೂ ನಕ್ಕ. 'ಅಲ್ಲಿ ಏಳ್ರಿ ಅಂತಾರೆ, ಇಲ್ಲಿ ಎಕ್ಸ್‌ಕ್ಯೂಸ್ ಮಿ ಅಂತೀವಿ, ಅಷ್ಟೇ.'

ಈ ಕೋಣೆಗಳ ವಂಶಾವಳಿ ಹಿಡಿದು ಹೋದರೆ 1939ರ ನ್ಯೂಯಾರ್ಕ್ ಸಿಗುತ್ತದೆ. ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೆಚ್ಚಿನ ಗಿರಾಕಿಗಳಿಗೆಂದು ಅಡ್ಮಿರಲ್ಸ್ ಕ್ಲಬ್ ತೆರೆಯಿತು. ಆಗ ದುಡ್ಡು ಕೊಟ್ಟರೂ ಪ್ರವೇಶವಿರಲಿಲ್ಲ, ಕಂಪನಿ ತಾನಾಗಿ ಕರೆಯಬೇಕಿತ್ತು. ಅಲ್ಲಿಂದ ಮುಂದೆ ಒಬ್ಬರನ್ನು ಮೀರಿಸಿ ಒಬ್ಬರು ಕಟ್ಟಿದರು. ಲುಫ್ತಾನ್ಸಾ 2004ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಮೊದಲ ದರ್ಜೆಗೆಂದೇ ಪ್ರತ್ಯೇಕ ಕಟ್ಟಡ ಎಬ್ಬಿಸಿತು. ಪಾಸ್‌ಪೋರ್ಟನ್ನು ಬಾಗಿಲಲ್ಲಿ ಕೊಟ್ಟರೆ ಮಿಕ್ಕ ಕಾಗದಪತ್ರವೆಲ್ಲ ಅವರದು. ತಪಾಸಣೆ ಒಳಗೇ, ವಿಮಾನದ ಬುಡದವರೆಗೆ ಕಾರು. ತೊಟ್ಟಿ ಸ್ನಾನಕ್ಕೆ ಒಂದು ರಬ್ಬರ್ ಬಾತುಕೋಳಿಯನ್ನೂ ಇಡುತ್ತಾರೆ, ಅದನ್ನು ಕೂಡಿಡುವ ಹುಚ್ಚಿನವರೂ ಇದ್ದಾರೆ. ದುಬೈಯಲ್ಲಿ 2013ರಲ್ಲಿ ಎ380 ವಿಮಾನಗಳಿಗೆಂದೇ ತೆರೆದ ಕಟ್ಟಡದಲ್ಲಿ ಎಮಿರೇಟ್ಸ್‌ನ ಮೊದಲ ದರ್ಜೆಗೆ ಒಂದು ಇಡೀ ಅಂತಸ್ತು, ಲೌಂಜಿನಿಂದಲೇ ನೇರ ವಿಮಾನದೊಳಕ್ಕೆ ದಾರಿ. ಸಿಂಗಪುರದಲ್ಲಿ ಸಿಂಗಪುರ್ ಏರ್‌ಲೈನ್ಸ್‌ನ 'ಪ್ರೈವೇಟ್ ರೂಂ' ಲೌಂಜಿನೊಳಗಿನ ಲೌಂಜು. ಎಷ್ಟೇ ಮೈಲಿ ಕೂಡಿಟ್ಟ ಚಿನ್ನದ ಕಾರ್ಡಿನವರಾದರೂ ಅಂದಿನ ಟಿಕೆಟ್ಟು ಮೊದಲ ದರ್ಜೆಯದಲ್ಲದಿದ್ದರೆ ಹೊರಗೇ. ದೋಹಾದಲ್ಲಿ ಕತಾರ್ ಏರ್‌ವೇಸ್ ತನ್ನ ಮೊದಲ ದರ್ಜೆಯ ಲೌಂಜಿನಲ್ಲಿ ಇಸ್ಲಾಮಿಕ್ ಕಲೆಯ ಮ್ಯೂಸಿಯಮ್ಮಿನ ಹಳೆಯ ವಸ್ತುಗಳನ್ನು ತಂದಿಟ್ಟಿದೆ.

ವೈಟ್‌ಫೀಲ್ಡ್ ದಾಟುವಾಗ ಹುಡುಗ ಗೋಡೆಯ ಆಚೆಯ ಕಥೆಗೆ ಬಂದ. ಲೌಂಜಿನಲ್ಲಿ ಕನ್ನಡಿಯೋ ಮರದ ಹಲಗೆಯೋ ಎಂದು ನೀವು ಅಂದುಕೊಂಡದ್ದು ಎಷ್ಟೋ ಸಲ ಬಾಗಿಲು. ಅದರಾಚೆ ಟ್ಯೂಬ್‌ಲೈಟಿನ ಬೆಳಕಿನ ಓಣಿ, ಸಿಮೆಂಟಿನ ಒದ್ದೆ ನೆಲ, ತಟ್ಟೆ ತೊಳೆಯುವ ಯಂತ್ರದ ಭೋರ್ಗರೆತ, ಒಲೆಯ ಝಳ, ಕೊಳೆಬಟ್ಟೆ ತುಂಬಿದ ಗಾಲಿಬುಟ್ಟಿಗಳು, ಮಲಯಾಳ, ನೇಪಾಳಿ, ಟಗಾಲೊಗ್, ಹಿಂದಿಯಲ್ಲಿ ಒಟ್ಟಿಗೇ ನಡೆಯುವ ಬೈಗುಳ. ಗಾಲಿಗಳಿಗೆ ರಬ್ಬರು, ಬೂಟಿನ ಅಡಿಗೂ ರಬ್ಬರು. ಆ ಬಾಗಿಲು ತಳ್ಳುವ ಮುಂಚೆ ಒಂದು ಕ್ಷಣ ನಿಂತು ಮುಖದ ಬೆವರೊರೆಸಿ, ಉಸಿರು ಸಮ ಮಾಡಿಕೊಂಡು, ಆಮೇಲೆ ಹೊರಬರಬೇಕೆಂದು ಮೊದಲ ವಾರವೇ ಕಲಿಸುತ್ತಾರಂತೆ. ಕೊಲ್ಲಿಗೆ ಯುರೋಪು ಅಮೆರಿಕಗಳ ವಿಮಾನಗಳು ಹೆಚ್ಚಾಗಿ ನಡುರಾತ್ರಿಯ ನಂತರ ಗುಂಪುಗುಂಪಾಗಿ ಬಂದುಹೋಗುವುದರಿಂದ ಅಲ್ಲಿಯ ನಿಜವಾದ ಹಗಲು ಶುರುವಾಗುವುದು ರಾತ್ರಿ ಎರಡಕ್ಕೆ. 'ನಮ್ಮ ತಾತಂದೂ ಅಂಗೇ ಅಲ್ವಾ ಸಾರ್, ನೈಟ್ ಶಿಫ್ಟು. ಅವ್ರು ಕೆಳಕ್ಕೆ ಇಳೀತಿದ್ರು, ನಾವು ಪಕ್ಕಕ್ಕೆ ಸರೀತೀವಿ.'

ಆ ಮಾತನ್ನು ಅವನು ಲಘುವಾಗಿ ಆಡಿದ. ನನಗೆ ಅದು ಕೆ.ಜಿ.ಎಫ್.ನ ಇತಿಹಾಸವನ್ನೇ ಹೇಳಿತು. ನ್ಯೂಜಿಲೆಂಡಿನ ಮಾವೊರಿ ಕಾಳಗದಿಂದ ಬಂದ ಮೈಕೆಲ್ ಲವೆಲ್ ಎಂಬ ಐರಿಷ್ ಸೈನಿಕ 1873ರಲ್ಲಿ ಇಲ್ಲಿ ಅಗೆಯಲು ಪರವಾನಗಿ ಕೇಳಿದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಬೆಳೆದವು. ಮೇಲೆ 'ಚಿಕ್ಕ ಇಂಗ್ಲೆಂಡ್' ಎನ್ನಿಸಿಕೊಂಡ ಬಂಗಲೆಗಳು, ಗಾಲ್ಫ್ ಮೈದಾನ, ದೊರೆಗಳ ಕ್ಲಬ್ಬಿನಲ್ಲಿ ಬಿಲಿಯರ್ಡ್ಸ್ ಚೆಂಡುಗಳ ಟಕಟಕ. ಶಿವನಸಮುದ್ರದ ಕಾವೇರಿಯಿಂದ 1902ರಲ್ಲಿ ತಂತಿ ಎಳೆದು ನೂರೈವತ್ತು ಕಿಲೋಮೀಟರಿನಷ್ಟು ದೂರದ ಈ ಗಣಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ಅದು ಬಂದದ್ದು 1905ರಲ್ಲಿ. ಕೆಳಗೆ, ಚಾಂಪಿಯನ್ ರೀಫಿನ ತಳದಲ್ಲಿ, ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ, ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿನಿಂದ ತಂಪು ಗಾಳಿ ಊದಿದರೆ ಮಾತ್ರ ಮನುಷ್ಯ ಅಲ್ಲಿ ನಿಲ್ಲಬಹುದಿತ್ತು. ಮೇಲಿನವರ ಸಂಜೆಯ ನಿರಾಳಕ್ಕೂ ಕೆಳಗಿನವರ ಪಾಳಿಗೂ ನಡುವೆ ಒಂದು ಪಂಜರವಷ್ಟೇ ಓಡಾಡುತ್ತಿತ್ತು. ಮೊದಲ ದರ್ಜೆಯ ಲೌಂಜು ಈ ಎರಡು ಲೋಕಗಳನ್ನು ಒಂದರ ಮೇಲೊಂದು ಇಡುವ ಬದಲು ಅಕ್ಕಪಕ್ಕ ಇಟ್ಟಿದೆ. ಅಂಥ ಕೋಣೆಯಿಂದ ಏನನ್ನು ನಿರೀಕ್ಷಿಸಬಹುದು ಎಂದು ಕೇಳಿದರೆ ನನ್ನ ಉತ್ತರ ಇದು: ಅಲ್ಲಿ ಕಣ್ಣಿಗೆ ಬೀಳುವ ಅಮೃತಶಿಲೆಯನ್ನು ದುಡ್ಡಿರುವ ಯಾರಾದರೂ ತರಿಸಬಹುದು. ನಿಮ್ಮ ಕಾಯುವಿಕೆಯ ಸುಸ್ತನ್ನು ನಿಮಗಾಗಿ ಹೊತ್ತುಕೊಳ್ಳುವ ಜನರನ್ನು ತರಬೇತು ಮಾಡಿ, ಕಾಣದಂತೆ ನಿಲ್ಲಿಸುವುದೇ ಅಲ್ಲಿಯ ದುಬಾರಿ ವಿದ್ಯೆ.

ದೇವನಹಳ್ಳಿಯ ಎರಡನೆಯ ಟರ್ಮಿನಲ್ಲಿಗೆ ಆಮೇಲೊಂದು ದಿನ ಹೋದಾಗ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಸುತ್ತಿದೆ. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ ಕಟ್ಟಡ. ತಲೆಯ ಮೇಲೆ ಬಿದಿರಿನ ಜಾಲರಿ, ಸೂರಿನಿಂದ ಇಳಿಬಿದ್ದ ಗಿಡಬಳ್ಳಿಗಳ ಗೊಂಚಲು, ಎಲ್ಲೋ ನೀರಿನ ಜುಳುಜುಳು. ನಿಂತವರು ಮೊದಲು ಮೇಲೆ ನೋಡಿ, ಆಮೇಲೆ ಫೋನು ತೆಗೆದು, ಕೊನೆಗೆ ತಮ್ಮ ಗೇಟು ಹುಡುಕುತ್ತಾರೆ. ಎಮಿರೇಟ್ಸ್‌ನ ಎರಡಂತಸ್ತಿನ ಎ380 ಅದೇ ವರ್ಷದ ಅಕ್ಟೋಬರಿನಿಂದ ಬೆಂಗಳೂರಿಗೆ ಬರುತ್ತಿದೆ. ಅದರ ಮೇಲಂತಸ್ತಿನ ಮುಂಭಾಗದಲ್ಲಿ ಮೊದಲ ದರ್ಜೆಯ 14 ಕಿರುಕೋಣೆಗಳು, ಹಾರುತ್ತಲೇ ಮೀಯಲು ಎರಡು ಸ್ನಾನದ ಮನೆ. ಆದರೆ ದುಬೈಯ ಅಂತಸ್ತು ಇಲ್ಲಿಲ್ಲ. ನಗರದ ಹಳೆಯ ಎಸ್‌ಟಿಡಿ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ '080 ಲೌಂಜ್'ಗೆ ಹೆಚ್ಚಿನ ಕಂಪನಿಗಳು ತಮ್ಮ ಮೇಲ್ದರ್ಜೆಯವರನ್ನು ಕಳಿಸುತ್ತವೆ.

ದೇಶದೊಳಗಿನ ಹಾರಾಟದ ಲೌಂಜುಗಳ ಮುಂದಿನ ನೋಟವೇ ಬೇರೆ. ಕೆಲವು ರುಪೇ ಕಾರ್ಡುಗಳನ್ನು ಉಜ್ಜಿದರೆ 2 ರೂಪಾಯಿ ಕಡಿತವಾಗಿ ಬಾಗಿಲು ತೆರೆಯುತ್ತದೆ. ರೈಲಿನ ಪ್ಲಾಟ್‌ಫಾರಂ ಟಿಕೆಟ್ಟಿಗೆ 10 ರೂಪಾಯಿ ಎಂಬುದನ್ನು ನೆನೆದರೆ ಇದೊಂದು ತಮಾಷೆಯ ಲೆಕ್ಕ. ಹಾಗಾಗಿ ಬೆಳಗಿನ ವಿಮಾನಗಳ ಹೊತ್ತಿಗೆ ಸರತಿ ಓಣಿಯವರೆಗೆ ಹೊರಚಾಚುತ್ತದೆ. ಒಳಗೆ ಇಡ್ಲಿ ಪಾತ್ರೆಯ ಮುಂದೆ ತಟ್ಟೆಗಳ ತಿಕ್ಕಾಟ, ಕುರ್ಚಿಯ ಮೇಲೆ ಬ್ಯಾಗಿಟ್ಟು ಜಾಗ ಹಿಡಿಯುವುದು, ಮಗುವಿಗೆ ಹಾಲು ಬಿಸಿಮಾಡಿಸಲು ಹೊರಟ ಅಪ್ಪ. ಬ್ಯಾಂಕುಗಳು ಈಚೆಗೆ ಕಾರ್ಡಿನಲ್ಲಿ ಇಷ್ಟು ಖರ್ಚಾಗಿರಬೇಕೆಂಬ ಷರತ್ತುಗಳನ್ನು ಬಿಗಿಮಾಡಿವೆ. ಮೊದಲ ದರ್ಜೆಯ ಲೌಂಜಿನಲ್ಲಿ ಇಂಥ ಯಾವ ಕಾರ್ಡೂ ನಡೆಯದು. ಹೆಚ್ಚಿನೆಡೆ ಅಂದಿನ ಟಿಕೆಟ್ಟೇ ಅಲ್ಲಿ ಚೀಟಿ. ಎಂದಾದರೂ ಅಂಥ ಟಿಕೆಟ್ಟು ನಿಮ್ಮ ಕೈಗೆ ಬಂದರೆ ಮೂರು ಗಂಟೆ ಮುಂಚೆ ಹೋಗಿ. ಕಂಪನಿಯ ನಿಯಮದಲ್ಲಿ ಒಬ್ಬ ಅತಿಥಿಗೆ ಅವಕಾಶವಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಊಟಕ್ಕೂ ಸ್ನಾನಕ್ಕೂ ಬಿಲ್ಲು ಬರುವುದಿಲ್ಲ, ಸಂಕೋಚ ಬೇಡ. ಮೆನುವಿನಲ್ಲಿ ಇಲ್ಲದ್ದನ್ನು ಕೇಳುವುದಕ್ಕಂತೂ ಬೇಡವೇ ಬೇಡ.

ಹುಡುಗನ ಮಾತು ಬಿಟ್ಟುಬಿಟ್ಟಿದ್ದೇನೆ. ಅವನ ಮುಂದಿನ ರಜೆಯಲ್ಲಿ ನಂದಿದುರ್ಗ ಗಣಿ ಲೈನಿನ ಮನೆಗೆ ಹೋಗಿದ್ದೆ. ತಗ್ಗು ಸೂರಿನ ಲೈನ್ ಮನೆ, ಬಾಗಿಲಿಗೆ ಬಗ್ಗಿ ಹೋಗಬೇಕು. ಒಳಗೆ ಸಗಣಿ ಹಸಿರಿನ ಗೋಡೆ, ಗಣಿಯ ತಲೆಟೋಪಿ ಹಾಕಿಕೊಂಡ ಅಪ್ಪನ ಫೋಟೊ. ಆ ಊರಿನ ಗಣಿಗಳಲ್ಲಿ ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು, ಈಗ ಅಷ್ಟೂ ಮನೆಗಳ ಮಕ್ಕಳು ಗಾಡಿ ಹತ್ತುವವರು. ಹುಡುಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ. ತಾಯಿ ಬೇಡವೆಂದರೂ ಬಿಡುತ್ತಿರಲಿಲ್ಲ. ಲೌಂಜಿನ ಕುರ್ಚಿಯಲ್ಲಿ ನೀನು ಯಾವತ್ತಾದರೂ ಕೂತಿದ್ದೀಯೇನಪ್ಪಾ ಎಂದು ಕೇಳಿದೆ. 'ಟ್ರೈನಿಂಗಲ್ಲಿ ಕೂರಿಸ್ತಾರೆ ಸಾರ್, ಅರ್ಧ ಗಂಟೆ. ಕೂತೋರಿಗೆ ಯಾವಾಗ ಏನು ಬೇಕನಿಸುತ್ತೆ ಅಂತ ಗೊತ್ತಾಗ್ಲಿ ಅಂತ. ನಂಗೆ ಏನೂ ಬೇಕನಿಸ್ಲಿಲ್ಲ, ನಿದ್ದೆ ಬಂತು,' ಎಂದು ನಕ್ಕು ಕೈ ಒರೆಸಿಕೊಂಡು ಬಂದ.

ತಾಯಿ ಹಿತ್ತಾಳೆ ಲೋಟದಲ್ಲಿ ಕಾಫಿ ತಂದರು. ಅವರ ಹೆಸರಿಗೂ ಒಂದು ರುಪೇ ಕಾರ್ಡು ಮಾಡಿಸಿಟ್ಟಿದ್ದಾನಂತೆ. ಬರುವ ಪೊಂಗಲ್ಲಿಗೆ ಬೆಂಗಳೂರಿನಿಂದ ಚೆನ್ನೈಗೆ ವಿಮಾನದಲ್ಲಿ ಕರೆದುಕೊಂಡು ಹೋಗಿ, ಮೊದಲು ಲೌಂಜಿನಲ್ಲಿ ಕೂರಿಸಿ ತಾನೇ ತಿಂಡಿ ಬಡಿಸುವ ಯೋಜನೆ. ಅವರಿಗೆ ಅದರಲ್ಲಿ ಒಂದೇ ಅನುಮಾನ.

'ಎರಡು ರೂಪಾಯಿಗೆ ಇಡ್ಲಿ, ಪೊಂಗಲ್ಲು, ಕಾಫಿ, ಮೆತ್ತಗೆ ಕುರ್ಚಿ ಎಲ್ಲಾ ಕೊಡ್ತಾರೆ ಅಂತಾನೆ ಇವನು. ನೀವೇ ಹೇಳಿ ಸಾರ್, ಅಷ್ಟಾದ ಮೇಲೆ ಪ್ಲೇನು ಯಾಕೆ ಹತ್ತಬೇಕು? ತಿಂದ್ಬಿಟ್ಟು, ಕೆ.ಆರ್. ಪುರದಲ್ಲಿ ಟ್ರೈನ್ ಹಿಡಿದು ಮನೆಗೆ ಬಂದ್ಬಿಡೋಣ.'